ಹಳೇ ಸ್ಟೇಷನ್ ಗೋಡೆಗೆ ಸಿಮೆಂಟ್ ಬೇಡ, ಸುಣ್ಣದ ಗಾರೆ ಹಾಕಿ

ಗೋವಾದ ಕುಲೆಂ, ಸಾವರ್ಡೆ ಕಡೆ ರೈಲು ಮತ್ತು ಅದಿರಿನ ಕಾಲದ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಮುರಗಾಂವ್ ಬಂದರಿನಿಂದ ನಮ್ಮ ಕ್ಯಾಸಲ್‌ರಾಕ್‌ವರೆಗಿನ ಮೀಟರ್‌ಗೇಜ್ ಹಳಿ 1888ರಲ್ಲಿ ಪೂರ್ತಿಯಾಯಿತು. ಆಮೇಲೆ ಈ ದಾರಿಯಲ್ಲಿ ಅದಿರೂ ಬಂದರು ಸೇರಿತು. ಈಗ ಇಂಥ ಗೋಡೆಗಳಿಗೆ ಜನ ಪ್ರೀತಿಯಿಂದಲೇ ಸಿಮೆಂಟ್ ಮೆತ್ತುತ್ತಾರೆ. ಕೆಲವು ಮಳೆಗಾಲ ಕಳೆದ ಮೇಲೆ ನೋಡಿ: ಸಿಮೆಂಟ್ ಹಾಗೇ ನಿಂತಿದೆ, ಪಕ್ಕದ ಕಲ್ಲು ಪುಡಿಯಾಗಿ ಉದುರಿದೆ. ಒಳಗೆ ಸೇರಿದ ನೀರಿಗೆ ಸಿಮೆಂಟ್ ದಾಟಿ ಹೊರಬರಲು ದಾರಿ ಇಲ್ಲ, ಅಲ್ವಾ? ಸುಣ್ಣದ ಗಾರೆ ಆ ದಾರಿ ಬಿಡುತ್ತದೆ.

ಮೊದಲು ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ, ಅದು ರೈಲ್ವೆಯೇ ಆಗಿರಲಿ, ಗಣಿಯವರೇ ಆಗಿರಲಿ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಆಲದ ಸಸಿ ಬೆಳೆದಿದ್ದರೆ ಕತ್ತರಿಸಿ, ಎಳೆಯಬೇಡಿ. ಕಲ್ಲೂ ಜೊತೆಗೆ ಬರುತ್ತದೆ.

ಕಲ್ಲುಗಳ ನಡುವಿನ ಸಂದುಗಳನ್ನು ಉಳಿ, ಸುತ್ತಿಗೆಯಿಂದ ಒಂದು ಇಂಚಿನಷ್ಟು ಆಳ ಕೆರೆಯಿರಿ. ಗ್ರೈಂಡರ್ ಬೇಡವೇ ಬೇಡ. ಅದರ ಹಲ್ಲು ಒಮ್ಮೆ ಕಲ್ಲಿಗೆ ತಾಗಿದರೆ ಮುಗಿಯಿತು.

ಇನ್ನು ಸುಣ್ಣ. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯ ಚೀಲದಲ್ಲಿ ವರ್ಷಗಟ್ಟಲೆ ಕುಳಿತ ಸುಣ್ಣದ ಪುಡಿ ಗಾಳಿ ಕುಡಿದು ಸತ್ತಿರುತ್ತದೆ. ಅಗ್ಗ ಅಂತ ತರಬೇಡಿ. ಸುಟ್ಟ ಸುಣ್ಣದ ಹರಳು ತನ್ನಿ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣ, ಅದೂ ಸ್ವಲ್ಪ ಸ್ವಲ್ಪವೇ. ಸುಣ್ಣದ ಮೇಲೆ ನೀರು ಸುರಿದರೆ ಕೊತಕೊತ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವಂತೆ ಕಡಿಮೆಯೆಂದರೂ ಮೂರು ವಾರ ಬಿಡಿ. ಬೆಣ್ಣೆಯ ಹಾಗೆ ಆದಾಗ ಒಂದು ಪಾಲಿಗೆ ಮೂರು ಪಾಲು ಜರಡಿ ಹಿಡಿದ ಹೊಳೆ ಮರಳು ಸೇರಿಸಿ ಚೆನ್ನಾಗಿ ಕುಟ್ಟಿ. ಸಮುದ್ರದ ಮರಳಿನಲ್ಲಿ ಉಪ್ಪಿದೆ, ಹಾಕಬೇಡಿ. ಸುಮ್ನೆ ಒಂದು ಹಿಡಿ ಸಿಮೆಂಟ್ ಸೇರಿಸೋಣ ಅನ್ನುವ ಗೌಂಡಿ ಸಿಕ್ಕೇ ಸಿಗುತ್ತಾನೆ. ಅವನಿಗೆ ಚಹಾ ಕೊಟ್ಟು ಕಳಿಸಿ.

ಗೋಡೆ ನೆನೆಸಿ, ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿ. ಕಲ್ಲಿನ ಮುಖಕ್ಕೆ ಬಳಿಯಬೇಡಿ. ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರ ತೇವ ಕಾಯಿರಿ; ಬಿಸಿಲಿಗೆ ಬೇಗ ಒಣಗಿದ ಗಾರೆ ಬರೀ ಮರಳು. ಮಳೆಯಲ್ಲಂತೂ ಈ ಕೆಲಸ ಆಗದು, ನವೆಂಬರ್ ನಂತರ ಶುರು ಮಾಡಿ. ಮೇಲೆ ಬಳಿಯಲೇಬೇಕು ಅಂದರೆ ತೆಳು ಸುಣ್ಣದ ನೀರು ಸಾಕು. ವಾಟರ್‌ಪ್ರೂಫ್ ಪೇಂಟ್ ಗೋಡೆಗೆ ಪ್ಲಾಸ್ಟಿಕ್ ಸುತ್ತಿದಂತೆ.

ಬೋರ್ಡು ತೂಗುಹಾಕಲು ಮೊಳೆ ಬೇಕಾದರೆ ಸಂದಿಗೆ ಹೊಡೆಯಿರಿ, ಕಲ್ಲಿಗಲ್ಲ. ಗಾರೆ ಹೋದರೆ ಮತ್ತೆ ತುಂಬಬಹುದು.