ಹಳೆ ಜೀಪಿಗೆ ಹೊಸ ಎಂಜಿನ್: ಕತ್ತರಿಸುವ ಮೊದಲು ಅಳತೆ ಹಿಡಿಯಿರಿ

ಮೂಡಿಗೆರೆ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ 1989ರ ಮಹೀಂದ್ರಾ ಎಂಎಂ 540 ಇದೆ. ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಕಾಳು ಎಲ್ಲವನ್ನೂ ಮೂವತ್ತು ವರ್ಷ ಹೊತ್ತ ಗಾಡಿ. ಕೊನೆಕೊನೆಗೆ ಎಂಜಿನ್ ಸೋತುಹೋಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಶೆಡ್ ತುಂಬ ನೀಲಿ ಹೊಗೆ. ಕಣದಿಂದ ಮೇಲಿನ ಏರು ಹತ್ತಬೇಕಾದರೆ ಮೊದಲನೇ ಗೇರೇ ಗತಿ. ಆಗ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ಗಾಡಿ ಮಾರೋ ಮಾತು ಬೇಡ. ಎಂಜಿನ್ ಬದಲಾಯಿಸೋಣ."

ಮಲೆನಾಡು, ಕೊಡಗಿನ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ. ನಮ್ಮ ಕೆಲಸ ಹೇಗೆ ನಡೆಯಿತು, ನೀವು ಮಾಡಿಸುವುದಾದರೆ ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂದು ಇಲ್ಲಿ ಬರೆದಿದ್ದೇನೆ. ಒಂದು ವಿಷಯ ಮೊದಲೇ ತಿಳಿದಿರಲಿ. ಎಂಜಿನ್ ಕೂರಿಸುವುದು ಕಷ್ಟದ ಕೆಲಸ ಅಲ್ಲ. ಚೈನ್ ಪುಲ್ಲಿ ಇದ್ದರೆ ಅರ್ಧ ದಿನ ಸಾಕು. ಅದರ ಹಿಂದೆ ಬರುವ ಗೇರ್‌ಬಾಕ್ಸ್, ಚಕ್ರದ ಕಡೆಗೆ ಶಕ್ತಿ ಒಯ್ಯುವ ಶಾಫ್ಟ್, ಎಡ ಬಲ ಚಕ್ರಗಳ ನಡುವಿನ ಹೌಸಿಂಗ್ (ಆಕ್ಸಲ್), ಬ್ರೇಕ್, ವೈರಿಂಗ್ ಇವೆಲ್ಲ ಒಂದಕ್ಕೊಂದು ಹೊಂದಬೇಕು. ತಿಂಗಳುಗಟ್ಟಲೆ ಸಮಯ ಹಿಡಿಯುವುದು ಅದೇ.

ಮೊದಲು ಕಾಗದ

ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಲಾಯಿತು.

ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕಿಸಿ ನಂಬರ್ ಬದಲಾಯಿಸಿಕೊಳ್ಳುವ ದಾರಿ ಸುಲಭ. ಬೇರೆ ಮಾದರಿಯದಾದರೆ ಅನುಮತಿ ಸಿಗುವುದು ಕಷ್ಟ. ಏನೇ ಆದರೂ ಲಿಖಿತ ಉತ್ತರ ಕೈಗೆ ಬರುವವರೆಗೆ ದುಡ್ಡು ಹಾಕಬೇಡಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕಲ್ಲ, ಆಗ ಎಂಜಿನ್ ನಂಬರ್ ನೋಡಿಯೇ ನೋಡುತ್ತಾರೆ. ಅಪಘಾತ ಆದರೆ ವಿಮೆ ಕಂಪನಿಯೂ ಅದನ್ನೇ ಕೇಳುತ್ತದೆ. ನಮ್ಮದು ತೋಟದ ಬೇಲಿಯೊಳಗೇ ಓಡುವ ಗಾಡಿ, ಕೆಲಸ ನಡೆದದ್ದೂ ನಮ್ಮ ಶೆಡ್ಡಿನಲ್ಲೇ. ರಸ್ತೆಗೆ ಇಳಿಸುವವರು ಮಾತ್ರ ಈ ಹೆಜ್ಜೆಯನ್ನು ಹಾರಿಸಬೇಡಿ.

ಯಾವುದಕ್ಕೆ ಯಾವುದು

ಎಂಎಂ 540 ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಅದರ ಎಂಜಿನ್ ಹೆಸರು ಎಕ್ಸ್‌ಡಿಪಿ 4.90, ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸ. ಹೆಸರಲ್ಲೇ ಲೆಕ್ಕ ಇದೆ ನೋಡಿ. ನಾಲ್ಕು ಸಿಲಿಂಡರ್, ಒಂದೊಂದರ ಬೋರ್, ಅಂದರೆ ಒಳಗಿನ ಅಗಲ, 90 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, 83. ಒಟ್ಟು 2112 ಸಿಸಿ. ಶಕ್ತಿ 60 ಹಾರ್ಸ್‌ಪವರ್ ಆಸುಪಾಸು. ಅದರ ಕಾಲಕ್ಕೆ ಅದು ಒಳ್ಳೆಯ ಎಂಜಿನ್. ಮೈಲೇಜ್ ನೋಡಿಯೇ ಜನ ಪೆಟ್ರೋಲ್ ಜೀಪು ಬಿಟ್ಟು ಅದರ ಹಿಂದೆ ಬಂದರು.

ಅದರ ಜಾಗಕ್ಕೆ ನಾವು ಆರಿಸಿದ್ದು 2010ರಲ್ಲಿ ಬಂದ ಮಹೀಂದ್ರಾದ ಮೊದಲ ಥಾರ್‌ನ ಸಿಆರ್‌ಡಿಇ, ಅಂದರೆ ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್. 2498 ಸಿಸಿ, 105 ಹಾರ್ಸ್‌ಪವರ್, 247 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಆ ಟಾರ್ಕ್ 1800 ಆರ್‌ಪಿಎಂಗೇ ಸಿಗುತ್ತದೆ. ತೋಟದ ಕೆಲಸಕ್ಕೆ ಬೇಕಾದದ್ದು ಇದೇ. ಹಾರ್ಸ್‌ಪವರ್ ನೋಡಿ ಮರುಳಾಗಬೇಡಿ. ಕೆಸರಿನ ಏರಿನಲ್ಲಿ ಗಾಡಿ ಎತ್ತುವುದು ಕೆಳಗಿನ ಆರ್‌ಪಿಎಂನ ಟಾರ್ಕ್.

ಎಂಜಿನ್ ಒಂದನ್ನೇ ಬಿಡಿಯಾಗಿ ಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಎಂಜಿನ್ ಸಿಗಬಹುದು. ಆದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಅದಕ್ಕೆ ಜೋಡಿಯಾದ ಕೀ, ಬೇರೆ ಕೀ ಹಾಕಿದರೆ ಎಂಜಿನ್ ತಡೆಯುವ ಇಮೊಬಿಲೈಸರ್, ಆಕ್ಸಿಲರೇಟರ್ ಪೆಡಲ್, ಮೀಟರ್ ಬೋರ್ಡ್, ಪೂರ್ತಿ ವೈರಿಂಗ್ ಎಲ್ಲವೂ ಒಂದೇ ಗಾಡಿಯದ್ದಾಗಿರಬೇಕು. ಒಂದು ಗಾಡಿಯ ಇಸಿಯು ಇನ್ನೊಂದರ ಕೀಯನ್ನು ಒಪ್ಪುವುದಿಲ್ಲ, ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಅಪಘಾತವಾಗಿ ವಿಮೆ ಕಂಪನಿ ಹರಾಜು ಹಾಕಿದ ಇಡೀ ಗಾಡಿ ಸಿಕ್ಕರೆ ಅದೇ ಎಲ್ಲಕ್ಕಿಂತ ಅಗ್ಗ. ಜಾಸ್ತಿ ಅನ್ನಿಸಿದರೂ ಅದನ್ನೇ ತನ್ನಿ. ಇಂಥ ಗಾಡಿ ಕೊಳ್ಳುವಾಗ ಅದರ ಆರ್‌ಸಿ, ಬಿಲ್ಲು ಎಲ್ಲ ಇಟ್ಟುಕೊಳ್ಳಿ.

ಬಿಚ್ಚುವ ಮೊದಲು ಇನ್ನೊಂದು ಕೆಲಸ. ಆ ಎಂಜಿನ್ ಅದರ ಗಾಡಿಯಲ್ಲಿ ಇರುವಾಗಲೇ ಸ್ಟಾರ್ಟ್ ಮಾಡಿ ಕೇಳಿ, ಫೋನಿನಲ್ಲಿ ಒಂದೊಂದು ವೈರು, ಪೈಪಿನ ಫೋಟೊ ತೆಗೆಯಿರಿ. ನಾವು ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದಿದ್ದೆವು. ಪ್ರತಿ ಸಾಕೆಟ್‌ಗೂ ಬಿಳಿ ಟೇಪ್ ಸುತ್ತಿ ನಂಬರ್ ಬರೆದಿದ್ದೆವು. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಉಳಿಸಿದ್ದು ಆ ಟೇಪೇ.

ಚಾಸಿ ಮತ್ತು ಅಳತೆ

ಹಳೆ ಎಂಜಿನ್ ಎತ್ತಿ ಪಕ್ಕಕ್ಕಿಟ್ಟ ಮೇಲೆ ಚಾಸಿಯನ್ನು ನೀರು, ಡೀಸೆಲ್ ಹಾಕಿ ಉಜ್ಜಿ ತೊಳೆಯಿರಿ. ತಂತಿ ಬ್ರಷ್ ಹಿಡಿದು ಸ್ಪ್ರಿಂಗ್ ಪ್ಲೇಟಿನ ಕೊಂಡಿ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಕ್ರಾಸ್ ಮೆಂಬರ್ ಸೇರುವ ಮೂಲೆ ಇವನ್ನೆಲ್ಲ ನೋಡಿ. ಬಿರುಕು ಇರುವುದು ಅಲ್ಲಿಯೇ. ನಮ್ಮ ಜೀಪಿನಲ್ಲಿ ಸ್ಟೀರಿಂಗ್ ಬಾಕ್ಸ್ ಹಿಂದೆ ಒಂದು ಬೆರಳುದ್ದದ ಬಿರುಕು ಗ್ರೀಸಿನ ಕೆಳಗೆ ಅಡಗಿತ್ತು. ಮೊದಲು ಅದಕ್ಕೆ ಪ್ಲೇಟು ಕೊಟ್ಟು ವೆಲ್ಡಿಂಗ್ ಮಾಡಿಸಿ ಆಮೇಲೆ ಮುಂದಿನ ಕೆಲಸ. 60 ಹಾರ್ಸ್‌ಪವರ್‌ಗೆ ತಡೆದ ಚಾಸಿ 105ಕ್ಕೆ ತಡೆಯುತ್ತದೆ ಎಂದು ಸುಮ್ನೆ ನಂಬಬಾರದು.

ಈಗ ಹೊಸ ಎಂಜಿನ್, ಅದರ ಐದು ಗೇರಿನ ಬಾಕ್ಸ್, ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮೂರನ್ನೂ ಬೋಲ್ಟ್ ಹಾಕಿ ಒಂದೇ ಮಾಡಿ ಚೈನ್ ಪುಲ್ಲಿಯಲ್ಲಿ ಇಳಿಸಿ. ಮೌಂಟಿಂಗ್, ಅಂದರೆ ಎಂಜಿನ್ ಕೂರುವ ಆಧಾರ, ಅದರ ವೆಲ್ಡಿಂಗ್ ಈಗಲೇ ಬೇಡ. ಮರದ ದಿಮ್ಮಿ, ಜಾಕಿ ಕೊಟ್ಟು ನಿಲ್ಲಿಸಿ ನಾಲ್ಕು ಕಡೆ ನೋಡಿ.

ಮೇಲೆ ಬಾನೆಟ್ ತಾಗುತ್ತದೆಯೇ? ಇದಕ್ಕೆ ನಮ್ಮ ಮೇಸ್ತ್ರಿ ಮಾಡಿದ್ದು ಅಡುಗೆಮನೆಯ ಉಪಾಯ. ಚಿಕ್ಕಮ್ಮನ ಹತ್ತಿರ ಚಪಾತಿ ಹಿಟ್ಟು ಇಸಿದುಕೊಂಡು, ನಿಂಬೆ ಗಾತ್ರದ ಉಂಡೆಗಳನ್ನು ಎಂಜಿನ್ ಮೇಲೆ ಅಲ್ಲಲ್ಲಿ ಇಟ್ಟು ಬಾನೆಟ್ ಮುಚ್ಚಿದರು. ತೆಗೆದು ನೋಡಿದರೆ ಮುಂದಿನ ಉಂಡೆ ಹಾಗೇ ಇತ್ತು, ಹಿಂದಿನದು ಹಪ್ಪಳದ ಹಾಗೆ ಚಪ್ಪಟೆ. ಎಂಜಿನ್ನಿನ ಹಿಂಭಾಗ ಇನ್ನೂ ಕೆಳಗೆ ಇಳಿಯಬೇಕು ಎಂದು ಹಿಟ್ಟೇ ಹೇಳಿತು. ಎಂಜಿನ್ ಮೌಂಟಿಂಗ್ ರಬ್ಬರಿನ ಮೇಲೆ ಅಲುಗಾಡುತ್ತದೆ, ಆದ್ದರಿಂದ ಒಂದು ಇಂಚಾದರೂ ಜಾಗ ಉಳಿಯಲಿ.

ಕೆಳಗೆ ಆಯಿಲ್ ಸಂಪ್ ಮುಂದಿನ ಹೌಸಿಂಗಿಗೆ ತಾಗುತ್ತದೆಯೇ? ಗಾಡಿ ನಿಂತಾಗ ಜಾಗ ಕಾಣುತ್ತದೆ, ಗುಂಡಿಗೆ ಬಿದ್ದಾಗ ಹೌಸಿಂಗ್ ಮೇಲೇರುತ್ತದೆ. ಚಾಸಿಯನ್ನು ಕಟ್ಟಿ ಹಿಡಿದು, ಹೌಸಿಂಗನ್ನು ಜಾಕಿಯಲ್ಲಿ ಬಂಪ್ ರಬ್ಬರ್ ಮುಟ್ಟುವವರೆಗೆ ಎತ್ತಿ ನೋಡಿ. ಎರಡೂ ಬದಿಯಲ್ಲಿ ಹೀಗೆ ನೋಡಲೇಬೇಕು. ಇದು ಒಂದು ಗಂಟೆ ಕೆಲಸ. ಬಿಟ್ಟರೆ ಮೊದಲ ಹಳ್ಳದಲ್ಲೇ ಸಂಪ್ ಒಡೆಯುತ್ತದೆ.

ಮುಂದೆ ರೇಡಿಯೇಟರ್, ಅದರ ಮುಂದೆ ಎಂಜಿನ್ನಿಗೆ ಹೋಗುವ ಗಾಳಿ ತಣಿಸುವ ಇಂಟರ್‌ಕೂಲರ್ ಎರಡಕ್ಕೂ ಜಾಗ ಬೇಕು. ಹಳೆ ರೇಡಿಯೇಟರ್ ಈ ಎಂಜಿನ್ನಿಗೆ ಸಾಲದು, ಹೊಸದೇ ಬೇಕು. ನಾಲ್ಕನೆಯದು ಸ್ಟೀರಿಂಗ್ ರಾಡು ಮತ್ತು ಸೈಲೆನ್ಸರ್ ಪೈಪು.

ನಾಲ್ಕೂ ಸರಿ ಬಂದ ಮೇಲೆ ರಟ್ಟಿನಲ್ಲಿ ಮೌಂಟಿಂಗ್ ಮಾದರಿ ಕತ್ತರಿಸಿ, ಅದರಂತೆ ಕಬ್ಬಿಣದ ಪ್ಲೇಟು ಮಾಡಿಸಿ. ಮೊದಲು ಚುಕ್ಕೆ ವೆಲ್ಡಿಂಗ್ ಮಾತ್ರ. ಪೂರ್ತಿ ವೆಲ್ಡಿಂಗ್ ಎಲ್ಲ ಮುಗಿದ ಮೇಲೆ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕಳಚಿರಲಿ, ಇಸಿಯು ಗಾಡಿಯಿಂದ ಹೊರಗೆ ಇರಲಿ.

ಹೌಸಿಂಗ್ ಮತ್ತು ಶಾಫ್ಟ್

ಹೆಚ್ಚಿನವರು ಎಡವುವುದು ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೆ ಜೀಪಿನ ಡಾನಾ 18 ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಶಾಫ್ಟ್ ಒಂದು ಬದಿಗೆ ಸರಿದು ಹೊರಡುತ್ತದೆ. ಹಿಂದಿನ ಹೌಸಿಂಗಿನ ಗುಂಡು ಭಾಗವೂ (ಒಳಗೆ ಕ್ರೌನ್, ಪಿನಿಯನ್ ಎಂಬ ಜೋಡಿ ಗೇರು ಇರುವ ಜಾಗ) ಅದೇ ಬದಿಗಿದೆ. ಹೊಸದರಲ್ಲಿ ಶಾಫ್ಟ್ ಗೇರ್‌ಬಾಕ್ಸಿನ ನೇರಕ್ಕೆ ಹಿಂದಕ್ಕೆ ಬರುತ್ತದೆ. ಹಳೆ ಹೌಸಿಂಗನ್ನೇ ಇಟ್ಟರೆ ಶಾಫ್ಟ್ ಓರೆಯಾಗಿ ತಿರುಗಿ ಕ್ರಾಸ್ ಜಾಯಿಂಟನ್ನು ತಿಂದುಹಾಕುತ್ತದೆ. ಹಾಗಾಗಿ ಹಿಂದೆ ಥಾರ್‌ನದ್ದೇ ಹೌಸಿಂಗ್ ಹಾಕಿದೆವು. ಅಗಲ ಜಾಸ್ತಿ, ಸ್ಪ್ರಿಂಗ್ ಕೂರುವ ಗದ್ದುಗೆಗಳನ್ನು ಕತ್ತರಿಸಿ ಹೊಸ ಜಾಗದಲ್ಲಿ ವೆಲ್ಡಿಂಗ್ ಮಾಡಬೇಕಾಯಿತು.

ಮುಂದಿನದು ಹಾಗೆ ಬರುವುದಿಲ್ಲ. ಆ ಥಾರ್‌ನ ಮುಂಭಾಗದಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ಮೇಲೆ ಕೆಳಗೆ ಆಡುತ್ತವೆ, ಸ್ಪ್ರಿಂಗಿನ ಬದಲು ತಿರುಚುವ ಸರಳು, ಟಾರ್ಷನ್ ಬಾರ್ ಇದೆ. ಹಳೆ ಜೀಪಿನದ್ದು ಗಟ್ಟಿ ಹೌಸಿಂಗ್, ಪ್ಲೇಟಿನ ಸ್ಪ್ರಿಂಗ್. ಆದ್ದರಿಂದ ಗಟ್ಟಿ ಹೌಸಿಂಗೇ ಉಳಿಯಬೇಕು. ಆದರೆ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟ್ ಯಾವ ಬದಿಗೆ ಹೊರಡುತ್ತದೋ ಹೌಸಿಂಗಿನ ಗುಂಡೂ ಅದೇ ಬದಿಗೆ ಇರಬೇಕು. ಜೊತೆಗೆ ಹಿಂದೆ ಮುಂದೆ ಎರಡರ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ, ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದಕ್ಕೆ ಎಳೆದಾಡಿ ಏನಾದರೊಂದು ಮುರಿಯುತ್ತದೆ.

ಅನುಪಾತ ತಿಳಿಯುವುದು ಹೀಗೆ. ಒಂದು ಚಕ್ರವನ್ನು ಮಾತ್ರ ಜಾಕಿಯಲ್ಲಿ ಎತ್ತಿ, ಇನ್ನೊಂದು ನೆಲದ ಮೇಲಿರಲಿ. ಶಾಫ್ಟಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ಐದೂ ಕಾಲಿಗಿಂತ ಸ್ವಲ್ಪ ಜಾಸ್ತಿ ಬಂದರೆ 5.38, ಅಂದರೆ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಐದಕ್ಕೆ ಚೂರು ಕಡಿಮೆ ಬಂದರೆ 4.88, ಅಂದರೆ 39ಕ್ಕೆ 8. ಮುಂದಿನದಕ್ಕೆ ನಾವು ಕ್ರೌನ್ ಪಿನಿಯನ್ ಜೋಡಿ ಬದಲಾಯಿಸಿ ಹೊಂದಿಸಿದೆವು.

ಥಾರ್‌ನ ಮುಂದಿನ ಚಕ್ರದಿಂದ ಹಿಂದಿನದಕ್ಕೆ 2430 ಮಿಲಿಮೀಟರ್. ಎಂಎಂ 540ಯದ್ದು 91 ಇಂಚು, ಅಂದರೆ 2311. ಸುಮಾರು 12 ಸೆಂಟಿಮೀಟರ್ ಕಡಿಮೆ. ಹಾಗಾಗಿ ಹಿಂದಿನ ಶಾಫ್ಟನ್ನು ಲೇತಿನಲ್ಲಿ ಗಿಡ್ಡ ಮಾಡಿಸಬೇಕು. ಅಳತೆ ತೆಗೆಯುವುದು ಗಾಡಿ ನಾಲ್ಕು ಚಕ್ರದ ಮೇಲೆ ನಿಂತು, ಪೂರ್ತಿ ಭಾರ ಬಿದ್ದ ಮೇಲೆ. ಟ್ರಾನ್ಸ್‌ಫರ್ ಕೇಸಿನ ತುದಿಯ ಕೋನವೂ ಹೌಸಿಂಗ್ ತುದಿಯ ಕೋನವೂ ಒಂದೇ ಇರಬೇಕು. ಈಗ ಫೋನಿನಲ್ಲೇ ಕೋನ ಅಳೆಯಬಹುದು.

ನಮ್ಮ ಶಾಫ್ಟ್ ಲೇತಿನಿಂದ ಬಂದ ಮೇಲೆ ಗಾಡಿ 40 ಕಿಲೋಮೀಟರ್ ವೇಗ ಮುಟ್ಟುತ್ತಿದ್ದಂತೆ ಸೀಟಿನ ಕೆಳಗೆ ಗಡಗಡ. ಎಂಜಿನ್ ಮೌಂಟಿಂಗ್ ಮೇಲೆ ಅನುಮಾನಪಟ್ಟು ಎರಡು ದಿನ ಹಾಳು ಮಾಡಿದೆವು. ಮೂರನೇ ದಿನ ಮೇಸ್ತ್ರಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ, ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರಕ್ಕಿರಲಿಲ್ಲ. ಜಾರುವ ಹಲ್ಲುಗಳನ್ನು ತಪ್ಪು ಜಾಗದಲ್ಲಿ ಕೂರಿಸಿದ್ದರು. ಬಿಚ್ಚಿ, ನೇರ ಮಾಡಿ ಹಾಕಿದ ಮೇಲೆ ಸದ್ದೇ ಇಲ್ಲ. ಬಿಚ್ಚುವ ಮೊದಲು ಶಾಫ್ಟಿಗೆ ಉದ್ದಕ್ಕೆ ಒಂದು ಬಣ್ಣದ ಗೀಟು ಎಳೆದಿಡಿ, ಈ ಪಾಡೇ ಬರುವುದಿಲ್ಲ.

ಬ್ರೇಕ್, ಡೀಸೆಲ್, ವೈರಿಂಗ್

ಎಂಜಿನ್ ಸ್ಟಾರ್ಟ್ ಆಯಿತೆಂದು ಓಡಿಸಲು ಹೊರಡಬೇಡಿ. ಹೊಸ ಶಕ್ತಿಗೆ ಹಳೆ ಡ್ರಮ್ ಬ್ರೇಕ್ ಸಾಲದು. ಬೂಸ್ಟರ್ ಮತ್ತು ಎರಡು ಭಾಗದ ಮಾಸ್ಟರ್ ಸಿಲಿಂಡರನ್ನು ಥಾರ್‌ನದ್ದೇ ಹಾಕಿ, ಮುಂದೆ ಡಿಸ್ಕ್ ಮಾಡಿಸಿ. ಡೀಸೆಲ್ ಎಂಜಿನ್ನಿನಲ್ಲಿ ಬೂಸ್ಟರಿಗೆ ಬೇಕಾದ ಎಳೆತ ಬರುವುದು ವ್ಯಾಕ್ಯೂಮ್ ಪಂಪಿನಿಂದ. ಆ ಪೈಪು ಸೋರಿದರೆ ಪೆಡಲ್ ಕಲ್ಲಿನಂತಾಗುತ್ತದೆ.

ಹಳೆ ಡೀಸೆಲ್ ಟ್ಯಾಂಕಿನ ಮೇಲೆ ಮೋಹ ಬೇಡ. ಒಳಗೆ ಮೂವತ್ತು ವರ್ಷದ ತುಕ್ಕು ಇರುತ್ತದೆ. ಹಳೆ ಎಂಜಿನ್ ಅದನ್ನು ನುಂಗಿಕೊಳ್ಳುತ್ತಿತ್ತು, ಕಾಮನ್ ರೈಲ್ ಇಂಜೆಕ್ಟರ್ ನುಂಗುವುದಿಲ್ಲ. ಹೊಸ ಟ್ಯಾಂಕ್, ಹೋಗುವ ಪೈಪು, ವಾಪಸ್ ಬರುವ ಪೈಪು, ನೀರು ಬೇರ್ಪಡಿಸುವ ಫಿಲ್ಟರ್ ಎಲ್ಲ ಹೊಸದು ಹಾಕಿ. ಇನ್ನೊಂದು ಎಚ್ಚರಿಕೆ, ದಯವಿಟ್ಟು ಹುಡುಗರಿಗೂ ಹೇಳಿ: ಈ ಎಂಜಿನ್ನಿನ ಇಂಜೆಕ್ಟರ್ ಪೈಪಿನಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಹಳೆ ಎಂಜಿನ್ನಿನಲ್ಲಿ ಮಾಡಿದ ಹಾಗೆ ಓಡುತ್ತಿರುವಾಗ ಪೈಪ್ ಸಡಿಲಿಸಿ ಗಾಳಿ ಬಿಡಬಾರದು. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ವೈರಿಂಗನ್ನು ಕತ್ತರಿಸದೆ ಪೂರ್ತಿ ಇಟ್ಟುಕೊಳ್ಳಿ. ಉದ್ದ ಉಳಿದರೆ ಸುತ್ತಿ ಕಟ್ಟಿ. ಇಸಿಯು ಡ್ಯಾಶ್‌ಬೋರ್ಡಿನ ಒಳಗೆ ಎತ್ತರದಲ್ಲಿ ಇರಲಿ, ಮಲೆನಾಡಿನ ಮಳೆಗೆ ಬಾನೆಟ್ ಕೆಳಗಿನ ಜಾಗ ನಂಬಿಕೆಗೆ ತಕ್ಕದ್ದಲ್ಲ. ಅರ್ಥಿಂಗ್ ವೈರು ದಪ್ಪದ್ದಾಗಿರಲಿ, ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಎರಡೂ ಕಡೆ ಬಣ್ಣ ಕೆರೆದು ಬೋಲ್ಟ್ ಮಾಡಿ. ಕಾರಣ ಗೊತ್ತಾಗದ ಎಷ್ಟೋ ತೊಂದರೆ ಅರ್ಥಿಂಗಿನಿಂದಲೇ ಬರುತ್ತದೆ.

ಮೊದಲ ಓಟ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ನಿಂತಲ್ಲೇ ಓಡಲಿ. ನೀರಿನ ಬಿಸಿ ಮುಳ್ಳು ನೋಡುತ್ತಿರಿ. ಆಮೇಲೆ ಸಮತಟ್ಟಿನಲ್ಲಿ ಬ್ರೇಕ್ ಪರೀಕ್ಷೆ. ಗಾಡಿ ಒಂದು ಕಡೆ ಎಳೆದರೆ ಅಲ್ಲೇ ನಿಲ್ಲಿಸಿ ಸರಿ ಮಾಡಿ. 50 ಕಿಲೋಮೀಟರ್ ಆದ ಮೇಲೆ ಒಮ್ಮೆ, ಮತ್ತೆ 500 ಕಿಲೋಮೀಟರ್ ಆದ ಮೇಲೆ ಒಮ್ಮೆ ಮೌಂಟಿಂಗ್, ಯು ಬೋಲ್ಟ್, ಶಾಫ್ಟಿನ ಬೋಲ್ಟುಗಳನ್ನು ಬಿಗಿ ಮಾಡಿ. ವೆಲ್ಡಿಂಗ್ ಜಾಗಗಳಿಗೆ ಸುಣ್ಣ ಬಳಿದಿಟ್ಟರೆ ಬಿರುಕು ಬಿಟ್ಟಾಗ ಗೀಟಾಗಿ ಕಾಣುತ್ತದೆ.

ಫೋರ್ ವೀಲನ್ನು ಡಾಂಬರಿನ ಮೇಲೆ ಪರೀಕ್ಷಿಸಬೇಡಿ, ಹಸಿ ಮಣ್ಣು ಹುಡುಕಿ. ನಾವು ಪರೀಕ್ಷಿಸಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ, ಕಣದ ಮೇಲಿನ ಅದೇ ಏರಿನಲ್ಲಿ. ಹಿಂದೆ ಆರು ಚೀಲ ಗೊಬ್ಬರ, ಸ್ಟೀರಿಂಗ್ ಹಿಡಿದವರು ಚಿಕ್ಕಪ್ಪ. ಲೋ ಗೇರು ಹಾಕಿ ಕ್ಲಚ್ ಬಿಟ್ಟರು, ಆಕ್ಸಿಲರೇಟರ್ ಮುಟ್ಟಲೇ ಇಲ್ಲ. ಜೀಪು ಕೆಸರನ್ನು ಬದಿಗೆ ತಳ್ಳುತ್ತಾ ಒಂದೇ ಸಮನೆ ಏರಿತು. ಮೇಲೆ ನಿಲ್ಲಿಸಿ ಅವರು ಮೊದಲು ಮಾಡಿದ್ದು ಇಳಿದು ಬಗ್ಗಿ ನೋಡಿದ್ದು, ಎಲ್ಲಾದರೂ ಆಯಿಲ್ ತೊಟ್ಟಿಕ್ಕುತ್ತಿದೆಯೇ ಅಂತ.