ಬೈಕಿನ ಡ್ರೈನ್ ಬೋಲ್ಟ್ ಸ್ಲಿಪ್ ಆಗೈತಾ? ಕೇಸ್ ಉಳಿಸ್ಕೊಂಡು ಬಿಚ್ಚೋದು ಹೆಂಗ

ಆಯಿಲ್ ಬದಲಿ ಮಾಡಾಕ ಕುಂತಾಗ ಡ್ರೈನ್ ಬೋಲ್ಟ್ (ಹಳೇ ಆಯಿಲ್ ಕೆಳಗ ಬಿಡಾಕ ಇಂಜಿನ್ ಬುಡಕ್ಕ ಇರೋ ಬೋಲ್ಟ್) ಮ್ಯಾಲೆ ಪಾನಾ ಜಾರಾಕತ್ತಿದ್ರ ಮೊದಲು ಪಾನಾ ಕೆಳಗಿಡ್ರಿ. ಇನ್ನೊಂದು ಸಲ ಜೋರು ಹಾಕಿ ನೋಡೋಣು ಅನ್ನಿಸ್ತೈತಿ, ಆ ಒಂದು ಸಲಕ್ಕ ಉಳಿದ ಮೂಲಿನೂ ಸವದು ಹೋಗ್ತಾವು. ಬೋಲ್ಟ್ ಸ್ಟೀಲಿಂದು, ಅದು ಕುಂತಿರೋ ಇಂಜಿನ್ ಕೇಸ್ ಅಲ್ಯೂಮಿನಿಯಂದು, ಮೆತ್ತಗ ಇರ್ತೈತಿ. ಹೊಸಾ ಬೋಲ್ಟ್ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಾಗಾದ್ರೂ ಕಡಿಮಿ ರೊಕ್ಕಕ್ಕ ಸಿಗ್ತೈತಿ, ಕೇಸ್ ಒಡದು ಹೋತಂದ್ರ ಇಂಜಿನ್ನೇ ಇಳಿಸಿ ಬಿಚ್ಚಬೇಕು. ಹಂಗಾಗಿ ಬೋಲ್ಟ್ ಹಾಳಾದ್ರ ಆಗ್ಲಿ, ಕೇಸ್ ಮಾತ್ರ ಕಾಯ್ರಿ.

ಈಗ ಏನು ಹೋಗೈತಿ ಅಂತ ನೋಡ್ರಿ. ಪಾನಾ ಹೆಡ್ ಮ್ಯಾಲೆ ಜಾರತೈತಿ, ಬೋಲ್ಟ್ ಮಿಸುಕಾಡಂಗಿಲ್ಲ ಅಂದ್ರ ಹೋಗಿರೋದು ಹೆಡ್. ಬೋಲ್ಟ್ ಸುಮ್ನ ತಿರುಗ್ತೈತಿ, ಎಷ್ಟು ತಿರುವಿದ್ರೂ ಕೆಳಗ ಬರಂಗಿಲ್ಲ ಅಂದ್ರ ಹೋಗಿರೋದು ಕೇಸಿನ ಒಳಗಿನ ಥ್ರೆಡ್, ಅಂದ್ರ ಬೋಲ್ಟ್ ಕಚ್ಚಿ ಹಿಡಿಯೋ ಸುರುಳಿ ಗೆರಿ. ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ.

ಇನ್ನೊಂದು, ಇದರಾಗ ಭಾಳ ಮಂದಿ ತಪ್ಪತಾರ. ಸೀಟಿನ ಪಕ್ಕ ಕುಂತು ಮ್ಯಾಲಿಂದ ಬಗ್ಗಿ ಕೆಳಗಿನ ಬೋಲ್ಟಿಗೆ ಕೈ ಹಾಕಿದ್ರ ಬಿಚ್ಚೋ ದಿಕ್ಕು ಉಲ್ಟಾ ಕಾಣ್ತೈತಿ, ಬಿಚ್ಚೇನಿ ಅಂತ ಟೈಟ್ ಮಾಡ್ತಾರ, ಅಲ್ಲೇ ಥ್ರೆಡ್ ಹೋಗ್ತೈತಿ. ನೆಲದ ಮ್ಯಾಲೆ ಅಂಗಾತ ಮಲಗಿ ಬೋಲ್ಟಿನ ಮುಖ ನೇರ ನೋಡ್ರಿ, ಅಲ್ಲಿಂದ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುವಿದ್ರ ಬಿಚ್ತೈತಿ.

ನಮ್ಮ ಕೊಪ್ಪಳ ಕಡೆ ಬೋಲ್ಟ್ ಹಿಡಿಯಾಕ ಮಣ್ಣೂ ಒಂದು ಕಾರಣ. ಗಂಗಾವತಿ, ಕಾರಟಗಿ ಕಡೆ ನಾಟಿ ಟೈಮಿನಾಗ ಗದ್ದಿಗೆ ಹೋಗಿ ಬಂದ ಗಾಡಿ ಕೆಳಗ ಕೆಸರು ಗಟ್ಟಿಯಾಗಿ ಕುಂತಿರ್ತೈತಿ, ಗಿಣಿಗೇರಿ ಫ್ಯಾಕ್ಟರಿಗೆ ಡ್ಯೂಟಿಗೆ ಹೋಗೋರ ಗಾಡಿಗೆ ಕಪ್ಪು ಧೂಳು ಆಯಿಲ್ ಜೋಡಿ ಸೇರಿ ಮೆತ್ಕೊಂಡಿರ್ತೈತಿ. ಅದರ ಮ್ಯಾಲೇ ಪಾನಾ ಹಾಕಿದ್ರ ಅದು ಪೂರಾ ಒಳಗ ಕೂರಂಗಿಲ್ಲ, ತುದಿಯಾಗ ಹಿಡದು ಜಾರತೈತಿ. ಸೀಮೆಎಣ್ಣಿ ಇಲ್ಲಾ ಡೀಸೆಲ್ ಹಚ್ಚಿ ತಂತಿ ಬ್ರಷ್‌ನಿಂದ ಬೋಲ್ಟ್ ಸುತ್ತಲೂ ಚೊಲೋತಂಗ ತಿಕ್ಕಿ ಒರೆಸ್ರಿ, ಆಮ್ಯಾಲೆ ಡಬ್ಲ್ಯೂಡಿ-40 (ಹಿಡಿತ ಸಡಲಿಸೋ ಸ್ಪ್ರೇ) ಹೊಡದು ಅರ್ಧಾ ತಾಸು ಬಿಡ್ರಿ.

ಹೆಡ್ ಹೋಗಿದ್ರ ಮೊದಲು 6 ಮೂಲಿ ಸಾಕೆಟ್ ತರ್ರಿ. ಮನ್ಯಾಗಿರೋ ರಿಂಗ್ ಪಾನಾಕ್ಕ 12 ಮೂಲಿ ಇರ್ತಾವು, ಅದು ಬೋಲ್ಟಿನ ಮೂಲಿ ತುದಿನ ಮಾತ್ರ ಹಿಡಿತೈತಿ, 6 ಮೂಲಿದು ಬದಿಗೂ ಹಿಡಿತೈತಿ. ಅಷ್ಟಕ್ಕೇ ಎಷ್ಟೋ ಗಾಡಿ ಬಿಚ್ತಾವು. ಅದಕ್ಕೂ ಬರಲಿಲ್ಲಂದ್ರ ಒಂದು ಸೈಜ್ ಸಣ್ಣದು, ಅಂದ್ರ 17ರ ಹೆಡ್ಡಿಗೆ 16ರ ಸಾಕೆಟ್ ಇಟ್ಟು ಸುತ್ತಿಗಿಯಿಂದ ಮೆಲ್ಲಕ ಬಡದು ಕೂಡ್ರಸ್ರಿ. ಕೆಳಗಿಂದ ಮ್ಯಾಲಕ್ಕ ಬಡಿಯೋದು ಅಂದ್ರ ಆ ಏಟು ಕೇಸಿಗೇ ಬೀಳ್ತೈತಿ, ಜೋರಾಗಿ ಹೊಡಿಬ್ಯಾಡ್ರಿ.

ಬಿಸಿನೂ ಸಹಾಯ ಮಾಡ್ತೈತಿ. ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ರ ಹತ್ರ ಎರಡು ಪಟ್ಟು ಹಿಗ್ಗತೈತಿ, ಅದಕ್ಕ ಕೇಸ್ ಬಿಸಿಯಾದ್ರ ಹಿಡಿತ ಸಡಲ್ತೈತಿ. ಊರಾಗ ಒಂದು ರೌಂಡ್ ಹೊಡದು ಬರ್ರಿ, ಇಲ್ಲಾ ಹೀಟ್ ಗನ್ ಇದ್ರ ಬೋಲ್ಟಿಗಲ್ಲ, ಬೋಲ್ಟ್ ಸುತ್ತಲಿನ ಕೇಸಿಗೆ ಹಿಡೀರಿ. ಗ್ಯಾಸಿನ ಬೆಂಕಿ ಬ್ಯಾಡ, ಮ್ಯಾಲೆ ಪೆಟ್ರೋಲ್ ಟ್ಯಾಂಕ್ ಐತಿ. ಬೋಲ್ಟ್ ಬಂದ ಕೂಡ್ಲೇ ಬಿಸಿ ಆಯಿಲ್ ಕೈ ಮ್ಯಾಲೆ ಸುರೀತೈತಿ, ಕೈಗವಸ ಹಾಕ್ಕೊಳ್ರಿ, ಮುಖ ದೂರ ಇಡ್ರಿ.

ಹೆಡ್ ಪೂರಾ ಗುಂಡಗ ಆಗಿದ್ರ ವೈಸ್ ಗ್ರಿಪ್ (ಲಾಕ್ ಆಗೋ ಪಕ್ಕಡ) ಜೋರಾಗಿ ಲಾಕ್ ಮಾಡಿ ತಿರುವ್ರಿ, ಅದಕ್ಕಿಂತ ಮೊದಲು ಒಂದು ಕಾನಸಿಂದ ಎದುರಾಬದುರಾ ಎರಡು ಬದಿ ಸಪಾಟ ಮಾಡ್ಕೊಂಡ್ರ ಹಿಡಿತ ಚೊಲೋ ಸಿಗ್ತೈತಿ. ಅದೂ ಆಗಲಿಲ್ಲಂದ್ರ ಚಾಣ. ಹೆಡ್ಡಿನ ಅಂಚಿಗೆ ಚಾಣ ನೇರ ಇಟ್ಟು ಒಂದು ಕಚ್ಚು ಮಾಡ್ರಿ, ಆಮ್ಯಾಲೆ ಆ ಕಚ್ಚಿನಾಗ ಓರಿ ಇಟ್ಟು ಬಿಚ್ಚೋ ದಿಕ್ಕಿಗೆ ಸಣ್ಣ ಸಣ್ಣ ಏಟು ಹಾಕ್ರಿ. ಒಂದು ಕೂದಲೆಳಿಯಷ್ಟು ಸರಿದ್ರೂ ಸಾಕು, ಅಲ್ಲಿಂದ ವೈಸ್ ಗ್ರಿಪ್ಪಿಗೇ ಬರ್ತೈತಿ. ಅಲೆನ್ ಕೀ ಬೋಲ್ಟ್ (ಹೆಡ್ಡಿನ ಒಳಗ 6 ಮೂಲಿ ತೂತು ಇರೋದು) ಇದ್ದು ಒಳಗಿನ ಮೂಲಿ ಹೋಗಿದ್ರ ಚೂರು ದೊಡ್ಡ ಸೈಜಿನ, ಚುಕ್ಕಿ ಆಕಾರದ ಟಾರ್ಕ್ಸ್ ಬಿಟ್ ಬಡದು ಕೂಡ್ರಿಸಿ ತಿರುವಬೇಕು.

ಕೊನಿಗೆ ವೆಲ್ಡಿಂಗ್. ಹೆಡ್ ಮ್ಯಾಲೆ ಒಂದು ಹಳೇ ನಟ್ ಇಟ್ಟು ಒಳಗ ವೆಲ್ಡ್ ತುಂಬಿಸಿದ್ರ ಹೊಸಾ ಹೆಡ್ ಆಗ್ತೈತಿ, ಆ ಬಿಸಿಗೇ ಬೋಲ್ಟ್ ಸಡಲೂ ಆಗ್ತೈತಿ. ಆದ್ರ ಮೊದಲು ಆಯಿಲ್ ಹಾಕೋ ಬಾಯಿಂದ ಪೈಪ್ ಬಿಟ್ಟು ಸಿರಿಂಜಿನಿಂದ ಆಯಿಲ್ ಎಳದು ತೆಗೀರಿ, ಬ್ಯಾಟರಿ ಕನೆಕ್ಷನ್ ಬಿಚ್ರಿ, ಟ್ಯಾಂಕ್ ಇಳಿಸ್ರಿ. ಇದು ಕೈ ಪಳಗಿದ ವೆಲ್ಡರ್ ಮಾಡೋ ಕೆಲ್ಸ, ಮನಿ ಮುಂದ ಮಾಡೋದಲ್ಲ.

ಥ್ರೆಡ್ ಹೋಗಿ ಬೋಲ್ಟ್ ಸುಮ್ನ ತಿರುಗ್ತಿದ್ರ ಅದನ್ನ ಕೆಳಗ ಎಳೀತಾ ತಿರುವಬೇಕು. ವಾಷರ್ ಸಂದ್ಯಾಗ ಚಪ್ಪಟಿ ಸ್ಕ್ರೂಡ್ರೈವರ್ ತೂರಸ್ರಿ, ಕೇಸಿಗೆ ಗೀರು ಬೀಳದಂಗ ನಡುವ ಒಂದು ತೆಳು ಪ್ಲಾಸ್ಟಿಕ್ ಚೂರು ಇಡ್ರಿ, ಒಬ್ರು ಕೆಳಗ ಒತ್ತಾಕ ಒಬ್ರು ತಿರುವಾಕ ಇದ್ರ ಹಗುರ ಆಗ್ತೈತಿ.

ಹೊರಗ ಬಂದ ಮ್ಯಾಲೆ ಟೆಫ್ಲಾನ್ ಟೇಪ್ ಸುತ್ತೋದು, ಎಂ-ಸೀಲ್ ಮೆತ್ತೋದು ದಯವಿಟ್ಟು ಮಾಡಬ್ಯಾಡ್ರಿ. ರೋಡಿನ ಮ್ಯಾಲೆ ಬೋಲ್ಟ್ ಬಿದ್ರ ಆಯಿಲ್ ಹಿಂದಿನ ಟೈರಿಗೇ ಬಡಿತೈತಿ, ಗಾಡಿ ಜಾರಿ ಜೀವಕ್ಕ ಬರ್ತೈತಿ. ಥ್ರೆಡ್ ಹೋಗಿದ್ರ ಸರಿಯಾದ ರಿಪೇರಿ ಅಂದ್ರ ಹೆಲಿಕಾಯಿಲ್, ಅಂದ್ರ ಹಾಳಾದ ಥ್ರೆಡ್ ಜಾಗಕ್ಕ ಕೂಡ್ರಸೋ ಸ್ಪ್ರಿಂಗಿನಂಥ ತಂತಿ ಸುರುಳಿ. ಎಷ್ಟೋ ಬೈಕಿನಾಗ ಈ ಬೋಲ್ಟ್ 12 ಎಂಎಂ ದಪ್ಪ, 1.5 ಪಿಚ್ (ಥ್ರೆಡ್ ಗೆರಿ ನಡುವಿನ ಅಂತರ, ಎಂಎಂನಾಗ) ಇರ್ತೈತಿ, ಆದ್ರೂ ನಿಮ್ಮ ಬೋಲ್ಟ್ ತಗೊಂಡು ಹೋಗಿ ಲೇತ್ ಅಂಗಡಿಯಾಗ ಅಳತಿ ಮಾಡ್ಸಿ ಕಿಟ್ ತರ್ರಿ. ಟ್ಯಾಪ್ (ತೂತಿನಾಗ ಥ್ರೆಡ್ ಕೊರಿಯೋ ಹತ್ಯಾರ) ಹೊಡಿಯುವಾಗ ಅದರ ಮೈಮ್ಯಾಲಿನ ಉದ್ದ ತೋಡುಗಳಿಗೆ ಗ್ರೀಸ್ ತುಂಬಿದ್ರ ಅಲ್ಯೂಮಿನಿಯಂ ಚೂರು ಅದಕ್ಕೇ ಅಂಟ್ತಾವು, ಇಂಜಿನ್ ಒಳಗ ಹೋಗಂಗಿಲ್ಲ. ಟ್ಯಾಪ್ ಓರಿ ಹೋದ್ರ ಮುಗೀತು, ನಾಲ್ಕೂ ಕಡಿಂದ ನೋಡಿ ನೇರ ಹಿಡೀರಿ. ಕಾಯಿಲಿನ ತುದಿಯಾಗ ಒಂದು ಸಣ್ಣ ಬಾಲ ಇರ್ತೈತಿ, ಅದನ್ನ ಮುರದು ಹೊರಗ ತೆಗೀಲೇಬೇಕು, ಅದು ಸ್ಟೇನ್‌ಲೆಸ್, ಅಯಸ್ಕಾಂತಕ್ಕ ಅಂಟುತೈತಿ ಅಂತ ನಂಬಬ್ಯಾಡ್ರಿ, ಚಿಮಟಿಗಿಯಿಂದ ಹಿಡೀರಿ. ಆಮ್ಯಾಲೆ ಸ್ವಲ್ಪ ಅಗ್ಗದ ಆಯಿಲ್ ಮ್ಯಾಲಿಂದ ಸುರುವಿ ಕೆಳಗ ಹರಿಯಾಕ ಬಿಡ್ರಿ, ಉಳಿದ ಚೂರು ತೊಳ್ಕೊಂಡು ಬರ್ತಾವು.

ಹೊಸಾ ಬೋಲ್ಟ್, ಹೊಸಾ ವಾಷರ್ ಹಾಕ್ರಿ. ಮೊದಲ ಸುತ್ತುಗಳು ಬರೀ ಬೆರಳಿನಿಂದ, ಬೆರಳಿಗೆ ಹೋಗಲಿಲ್ಲಂದ್ರ ಓರಿ ಹಿಡದೈತಿ ಅಂತ ತಿಳ್ಕೊಂಡು ವಾಪಸ್ ಬಿಚ್ರಿ. ಟಾರ್ಕ್, ಅಂದ್ರ ಎಷ್ಟು ಬಲದಿಂದ ಬಿಗಿ ಮಾಡಬೇಕು ಅಂತ, ಗಾಡಿ ಮ್ಯಾನುವಲ್‌ನಾಗ ಇರ್ತೈತಿ, ಟಾರ್ಕ್ ಪಾನಾ ಇಲ್ಲಂದ್ರ ಗಿಡ್ಡ ಪಾನಾ ಹಿಡದು ವಾಷರ್ ಒತ್ತಿದ ಮ್ಯಾಲೆ ಚೂರು ಬಿಗಿ ಮಾಡ್ರಿ, ಪೈಪ್ ಸೇರಿಸಿ ಉದ್ದ ಮಾಡೋದು, ಕಾಲಿಲೆ ತುಳಿಯೋದು ಬ್ಯಾಡ. ಆಯಿಲ್ ತುಂಬಿ ಎರಡು ನಿಮಿಷ ಇಂಜಿನ್ ಓಡಿಸಿ ಬಂದ್ ಮಾಡಿ ಲೆವೆಲ್ ನೋಡ್ರಿ, ರಾತ್ರಿ ಗಾಡಿ ಕೆಳಗ ಒಂದು ರಟ್ಟು ಹಾಸಿ ಬಿಡ್ರಿ. ಮುಂಜಾನಿ ರಟ್ಟಿನ ಮ್ಯಾಲೆ ಹನಿ ಬಿದ್ದಿದ್ರ ಮೊದಲು ವಾಷರ್ ಬದಲಿ ಮಾಡಿ ನೋಡ್ರಿ, ಬೋಲ್ಟ್ ಇನ್ನೂ ಬಿಗಿ ಮಾಡಾಕ ಹೋಗಬ್ಯಾಡ್ರಿ.