ಕುಮಾರ ಪರ್ವತಕ್ಕೆ ಜಿಪಿಎಸ್ ಹಿಡಿದು ಹೋದದ್ದು

ಫೋನಲ್ಲೇ ಜಿಪಿಎಸ್ ಇದೆಯಲ್ಲ, ಇನ್ನೊಂದು ಡಬ್ಬ ಯಾಕೆ ಹೊರ್ತೀಯ ಅಂತ ನಮ್ಮ ಗುಂಪಿನಲ್ಲಿ ಕೇಳದವರಿಲ್ಲ. ಕೇಳುವುದರಲ್ಲಿ ತಪ್ಪೇನಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದ ಕಾಡಲ್ಲೂ ಫೋನ್ ದಾರಿ ತೋರಿಸುತ್ತದೆ. ಆದರೆ ಮಳೆಯಲ್ಲಿ ಒದ್ದೆ ಬೆರಳಿನ ಮಾತನ್ನು ಟಚ್ ಸ್ಕ್ರೀನ್ ಕೇಳುವುದಿಲ್ಲ. ನನ್ನ ಡಬ್ಬಕ್ಕೆ, ಗಾರ್ಮಿನ್ ಇಟ್ರೆಕ್ಸ್ ಎಂಬ ಜಿಪಿಎಸ್ ಯಂತ್ರಕ್ಕೆ, ಬಟನ್‌ಗಳಿವೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಇಡೀ ದಿನ ನಡೆದರೂ ಮುಗಿಯುವುದಿಲ್ಲ. ಫೋನ್ ಆಫ್ ಆಗಿ ಬ್ಯಾಗಿನಲ್ಲಿರುತ್ತದೆ, ತುರ್ತಿಗೆ ಅಂತ.

ಮುಖ್ಯ ಕೆಲಸ ಬೆಂಗಳೂರಲ್ಲೇ, ಮನೆಯಲ್ಲಿ ಕೂತು ಮಾಡುವಂಥದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಉಚಿತ ನಕ್ಷೆಯನ್ನು ಒಳಗೆ ಹಾಕಿದೆ. ಭಟ್ಟರ ಮನೆ, ಕಲ್ಲು ಮಂಟಪ, ಶೇಷ ಪರ್ವತ, ತುದಿ, ಹೀಗೆ ದಾರಿಯ ಮುಖ್ಯ ಜಾಗಗಳನ್ನು ವೇ ಪಾಯಿಂಟ್ ಅಂತ ಗುರುತು ಮಾಡಿದೆ. ಅವುಗಳ ಅಕ್ಷಾಂಶ, ರೇಖಾಂಶದ ಅಂಕಿ ಹಾಕುವಾಗ ಎರಡು ಕಡೆ ಹುಷಾರಾಗಿರಬೇಕು. ಮೊದಲನೆಯದು ಡಿಗ್ರಿ ಬರೆಯುವ ಬಗೆ. 12 ಡಿಗ್ರಿ 58 ನಿಮಿಷ ಅಂದರೆ 12.58 ಅಲ್ಲ, 12.967. ಅದನ್ನು 12.58 ಅಂತ ಒತ್ತಿದರೆ ಗುರುತು 40 ಕಿಲೋಮೀಟರಿಗೂ ಜಾಸ್ತಿ ದಕ್ಷಿಣಕ್ಕೆ ಬೀಳುತ್ತದೆ. ಎರಡನೆಯದು ಡೇಟಮ್, ಅಂದರೆ ಅಕ್ಷಾಂಶ, ರೇಖಾಂಶವನ್ನು ಅಳೆಯಲು ಆಧಾರವಾಗಿ ಹಿಡಿದ ಭೂಮಿಯ ಲೆಕ್ಕ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಶೀಟ್‌ಗಳು (ಬೆಟ್ಟ, ಕಣಿವೆ ತೋರಿಸುವ ನಕ್ಷೆಗಳು) ಎವರೆಸ್ಟ್ ಡೇಟಮ್ ಮೇಲೆ ನಿಂತಿವೆ, ಜಿಪಿಎಸ್ ಮಾತಾಡುವುದು ಡಬ್ಲ್ಯುಜಿಎಸ್ 84ರಲ್ಲಿ. ಸೆಟ್ಟಿಂಗ್ ನೋಡದೆ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ನೂರು ಮೀಟರಿಗಿಂತ ಜಾಸ್ತಿ ಸರಿಯುತ್ತದೆ. ಊರಲ್ಲಾದರೆ ಪಕ್ಕದ ಬೀದಿ. ಬೆಟ್ಟದ ಏಣಿನ ಮೇಲೆ ನೂರು ಮೀಟರ್ ಅಂದರೆ ಕಣಿವೆಯೇ ಆಗಿರಬಹುದು, ಅಲ್ವಾ?

ಅಭ್ಯಾಸಕ್ಕೆ ಲಾಲ್‌ಬಾಗ್ ಸಾಕು. ಕೆಂಪೇಗೌಡ ಗೋಪುರದ ಬಂಡೆ ಮೇಲೆ ಆಕಾಶ ಪೂರ್ತಿ ತೆರೆದಿರುತ್ತದೆ, ಯಂತ್ರ ತೋರಿಸುವ ನಿಖರತೆ ಕೆಲವೇ ಮೀಟರಿಗೆ ಇಳಿಯುತ್ತದೆ. ದಟ್ಟ ಮರಗಳ ಕೆಳಗೆ ಬಂದರೆ ಅದೇ ಅಂಕಿ ಹೆಚ್ಚುವುದು ಕಾಣುತ್ತದೆ. ಕಾಡಲ್ಲಿ ಆಗುವುದೂ ಇದೇ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಂಡು, ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ ಹತ್ತಿ, ಬೆಳಗ್ಗೆ ಕುಕ್ಕೆಯಲ್ಲಿ ಇಳಿದೆವು. ಕಾಫಿ ಕುಡಿಯುವ ಮೊದಲು ಯಂತ್ರವನ್ನು ಆನ್ ಮಾಡಿ ಬಯಲಲ್ಲಿ ಇಟ್ಟೆ. ತುಂಬಾ ದಿನ ಆಫ್ ಆಗಿದ್ದರೆ ಉಪಗ್ರಹಗಳ ಪಂಚಾಂಗವನ್ನು, ಅಂದರೆ ಯಾವ ಉಪಗ್ರಹ ಯಾವಾಗ ಎಲ್ಲಿರುತ್ತದೆ ಅನ್ನುವ ಪಟ್ಟಿಯನ್ನು, ಅದು ಮತ್ತೆ ಇಳಿಸಿಕೊಳ್ಳಬೇಕಾಗಬಹುದು. ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಮರದ ಕೆಳಗೆ ಹೋಗಿ ಆನ್ ಮಾಡಿದರೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಭಟ್ಟರ ಮನೆಯವರೆಗಿನ ಕಾಡಲ್ಲಿ ದಾರಿ ಸ್ಪಷ್ಟ, ಯಂತ್ರ ಜೇಬಿನಲ್ಲೇ ಇತ್ತು. ಅದರ ಕೆಲಸ ಶುರುವಾದದ್ದು ಮೇಲಿನ ಹುಲ್ಲುಗಾವಲಿನಲ್ಲಿ. ಮಂಜು ಬಂತು ಅಂದರೆ ಹತ್ತು ಹೆಜ್ಜೆ ಮುಂದಿನವರೂ ಕಾಣುವುದಿಲ್ಲ. ಅಲ್ಲಿ ಹೊಸಬರೆಲ್ಲ ನಂಬುವುದು ಆರಿಸಿದ ಗುರಿಯ ಕಡೆ ತಿರುಗುವ 'ಗೋ ಟು' ಬಾಣವನ್ನು. ಅದು ಹದ್ದು ಹಾರುವ ದಾರಿ. ನೆಟ್ಟಗೆ ಗುರಿ ತೋರಿಸುತ್ತದೆ, ನಡುವೆ ಇರುವ ಕಣಿವೆಯ ವಿಷಯ ಅದಕ್ಕೆ ಗೊತ್ತಿಲ್ಲ. ದೂರ ಎರಡು ಕಿಲೋಮೀಟರ್ ಅಂತ ತೋರಿಸಿದರೆ ಕಾಲಿಗೆ ಅದಕ್ಕಿಂತ ಜಾಸ್ತಿಯೇ. ನಾನು ನೋಡುವುದು ಟ್ರ್ಯಾಕ್ ಗೆರೆಯನ್ನು, ನಾವೇ ನಡೆದು ಬಂದ ಹಾದಿಯ ಗುರುತನ್ನು. ಶೇಷ ಪರ್ವತದಿಂದ ಇಳಿದು ಶೋಲಾ ಕಾಡಿಗೆ (ಹುಲ್ಲುಗಾವಲಿನ ನಡುವೆ ಕಣಿವೆಯಲ್ಲಿ ಬೆಳೆಯುವ ದಟ್ಟ ಕಾಡು) ನುಗ್ಗುವ ಜಾಗವನ್ನೂ, ಆ ಕಡೆ ಹೊರಬಿದ್ದ ಜಾಗವನ್ನೂ ಗುರುತು ಹಾಕಿದೆ. ಹೋಗುವಾಗ ಸುಲಭವಾಗಿ ಕಾಣುವ ಕವಲು ಬರುವಾಗ ಬೇರೆಯೇ ಮುಖ ತೋರಿಸುತ್ತದೆ.

ತುದಿಯ ಎತ್ತರ 1712 ಮೀಟರ್. ಯಂತ್ರ ತೋರಿಸಿದ ಅಂಕಿ ಅದಕ್ಕೆ ಸರಿ ಹೊಂದಲಿಲ್ಲ. ಗೆಳೆಯ ನಕ್ಕ. ಉಪಗ್ರಹದ ಲೆಕ್ಕದಲ್ಲಿ ಎತ್ತರದ ತಪ್ಪು ಯಾವಾಗಲೂ ಜಾಸ್ತಿಯೇ, ಯಾಕೆಂದರೆ ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇವೆ, ಕೆಳಗಿನಿಂದ ಅಳೆಯಲು ಯಾರೂ ಇಲ್ಲ.

ಊಟಕ್ಕೆ ಕೂತಾಗ ಟ್ರ್ಯಾಕ್ ನಿಲ್ಲಿಸಿದೆ. ಬಿಟ್ಟರೆ ಕೂತಲ್ಲೇ ಗೆರೆ ಗೀಚುತ್ತಾ ದೂರ ಏರಿಸುತ್ತದೆ, ನಡೆಯದ ಕಿಲೋಮೀಟರೂ ಲೆಕ್ಕಕ್ಕೆ ಸೇರುತ್ತದೆ. ಕೆಲವರಿಗೆ ಅದೇ ಇಷ್ಟ!

ಕೊಳ್ಳುವವರಿಗೆ ಒಂದು ಮಾತು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಮಾದರಿಗಳೂ ಇವೆ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬರೀ ಸಿಗ್ನಲ್ ಹಿಡಿಯುವ ಮಾದರಿ ಸಾಕು.

ವಾಪಸ್ ಬಂದು ಟ್ರ್ಯಾಕನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಆಮೇಲೆ ಸೆಲ್ ತೆಗೆದು ಬೇರೆ ಇಟ್ಟೆ. ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಅವು ಸೋರಿ ಸ್ಪ್ರಿಂಗ್ ಹಾಳಾಗುತ್ತದೆ.